ಹೊಡೆದುಹಾಕಿದ ಸಾಲು

ಮೊನ್ನೆ ನೈರೋಬಿಯ ನಮ್ಮ ಎಂಬಕಸಿ ಬಡಾವಣೆಯ ಬಸ್ ಸ್ಟಾಪಿನಲ್ಲಿ ಯಾರೋ ಮಹಮ್ರಿ ಕರಿಯುತ್ತಿದ್ದರು. ತೆಂಗಿನ ಹಾಲು, ಏಲಕ್ಕಿ ಬೆರೆತ ಹಿಟ್ಟು ಎಣ್ಣೆಗೆ ಬಿದ್ದ ಆ ಘಮ ಮೂಗಿಗೆ ತಾಗಿದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದರು...

ಕರಾವಳಿಯ ಮೊಂಬಾಸಾ ಕಡೆಯವರು. ಬೆಳಿಗ್ಗೆ ಗೇಟಿನ ಬಳಿ ಮಹಮ್ರಿ ಮಾರುತ್ತಿದ್ದರು. ಆ ಕರಾವಳಿ ಬೇರೆ ದೇಶವಾಗಬೇಕೆನ್ನುವ ಸಣ್ಣ ಪಕ್ಷವೊಂದು ಪಾರ್ಲಿಮೆಂಟ್ ಚುನಾವಣೆಗೆ ನಾಲ್ಕೈದು ಜನರನ್ನು ನಿಲ್ಲಿಸಿತು. ನೈರೋಬಿಯಲ್ಲಿ ಈಕೆಯೊಬ್ಬರೇ.

"ಬಿಟ್ಟು ಹೋಗೋ ದೇಶದ ಪಾರ್ಲಿಮೆಂಟ್ ಯಾಕಕ್ಕಾ?" ಎಂದು ರೇಗಿಸಿದೆ.

"ಹಿತ್ತಿಲ ಬಾಗಿಲಿಂದ ಹೋಗಲ್ಲ, ಮ್ವಾಲಿಮು. ಎಲ್ಲರೆದುರು ಹೇಳಿ ಹೋಗ್ತೀನಿ." ನಾನು ಟೀಚರ್, ಅದಕ್ಕೇ ಅವರ ಬಾಯಲ್ಲಿ ಮ್ವಾಲಿಮು.

ಪಕ್ಷಕ್ಕೆ ನೋಂದಣಿ ಸಿಗದ್ದರಿಂದ ಸ್ವತಂತ್ರವಾಗಿ ನಿಲ್ಲಬೇಕು. ಅದಕ್ಕೆ ಮತದಾರರ ಸಹಿ ಬೇಕು. "ನಮಗ್ಯಾಕೇ ಈ ಉಸಾಬರಿ? ಮೊದಲು ಇಂಡಿಯನ್ಸ್‌ನೇ ಹಿಡ್ಕೊಳ್ತಾರೆ," ಎಂದರು ನಮ್ಮ ಯಜಮಾನರು. ನನಗೆ ರೇಗಿತು. ದೇಶ ಒಡೆಯುವುದು ನನಗೂ ಒಪ್ಪಿಗೆ ಇರಲಿಲ್ಲ. ಆದರೆ ಕೇಳಲೇಬಾರದು ಎನ್ನಲು ನಾವ್ಯಾರು? ಸಹಿ ಹಾಕಿದೆ. ಹಾಕಿದ್ದಷ್ಟೇ ಅಲ್ಲ, ಅವರ ಜೊತೆ ಮನೆಮನೆ ಸುತ್ತಿದೆ.

ಅರ್ಜಿ ಕೊಡುವ ದಿನವೂ ಹೋಗಿದ್ದೆ. ಅದರಲ್ಲಿ ಒಂದು ಸಾಲು: ಈ ದೇಶ ಅಖಂಡ, ಅದಕ್ಕೆ ನಾನು ನಿಷ್ಠ. ಪಕ್ಷದ ಉಳಿದವರೆಲ್ಲ, ಗೆದ್ದ ಮೇಲೆ ನೋಡಿಕೊಳ್ಳೋಣ ಎಂದು ಸಹಿ ಹಾಕಿದ್ದರಂತೆ. ಅಕ್ಕ ಪೆನ್ನು ತೆಗೆದು ಆ ಸಾಲನ್ನೇ ಹೊಡೆದುಹಾಕಿದರು.

"ಅಮ್ಮಾ, ಹೀಗಾದರೆ ಅರ್ಜಿ ತಗೊಳ್ಳೋಕಾಗಲ್ಲ," ಅಧಿಕಾರಿ ಮೆತ್ತಗೇ ಹೇಳಿದ.

"ಸುಳ್ಳು ಹೇಳಿ ಒಳಗೆ ಬರಲ್ಲ," ಎಂದರು. ಅರ್ಜಿ ತಿರಸ್ಕೃತವಾಯಿತು.

ವಾಪಸ್ ಬರುವಾಗ ಮಟಾಟು ವ್ಯಾನಿನಲ್ಲಿ ನಾನು ಕೂಗಾಡಿಬಿಟ್ಟೆ. ಎಷ್ಟು ಮೆಟ್ಟಿಲು ಹತ್ತಿದ್ದೆವು, ಎಷ್ಟು ಜನರ ಕೈಕಾಲು ಹಿಡಿದಿದ್ದೆವು!

ಅಕ್ಕ ಕೇಳಿದರು: "ಇಲ್ಲಿನ ಪಾಸ್‌ಪೋರ್ಟಿಗೋಸ್ಕರ ಇಂಡಿಯಾದ್ದು ಬಿಟ್ಟುಕೊಟ್ಟೆಯಲ್ಲ, ಆ ಕಾಗದ ಓದಿದ್ಯಾ?"

ಓದಿರಲಿಲ್ಲ. ನಮ್ಮವರು ಬೆರಳಿಟ್ಟ ಕಡೆ ಸಹಿ ಹಾಕಿ, ಮನೆಗೆ ಬಂದು ಅನ್ನಕ್ಕಿಟ್ಟಿದ್ದೆ...

ಆ ಸಾಲಿಗೆ ಸಹಿ ಹಾಕಿದ ಪಕ್ಷದವರಲ್ಲೂ ಒಬ್ಬರೂ ಗೆಲ್ಲಲಿಲ್ಲ. ಅಕ್ಕ ಊರಿಗೆ ಹೊರಟುಹೋದರು. ಎರಡು ವರ್ಷಕ್ಕೆ ತೀರಿಕೊಂಡರಂತೆ. ನನಗೆ ಗೊತ್ತಾಗಿದ್ದು ಮಣ್ಣಾಗಿ ತಿಂಗಳಾದ ಮೇಲೆ.

ನಿನ್ನದು ಹುಚ್ಚು ಎಂದು ನಮ್ಮವರು ಈಗಲೂ ಅನ್ನುತ್ತಾರೆ. ಅನ್ನಲಿ. ಬ್ಯಾಂಕಿಗೆ, ಶಾಲೆಗೆ, ಸರ್ಕಾರಕ್ಕೆ ನಾನು ಓದದೇ ಹಾಕಿದ ಸಹಿಗಳೆಲ್ಲ ಮರುಮಾತಿಲ್ಲದೆ ಸ್ವೀಕಾರವಾಗಿವೆ. ಗೊತ್ತಿದ್ದೂ ಗೊತ್ತಿದ್ದೂ ಹಾಕಿದ್ದು ಅಕ್ಕನ ಕಾಗದಕ್ಕೆ ಮಾತ್ರ. ಅವರಿದ್ದು ಇನ್ನೊಮ್ಮೆ ತಂದಿದ್ದರೆ ಇನ್ನೊಮ್ಮೆ ಹಾಕುತ್ತಿದ್ದೆ.