ಹಲ್ಲು ಮುಚ್ಚಿದ ಟಯರ್

ಮಳಖೇಡ ದಾಟಿದರೆ ಒಂದು ಹಳ್ಳಕ್ಕೆ ತಗ್ಗು ಸೇತುವೆ ಇದೆ. ಹೋದ ಮಳೆಗಾಲದ ಮೊದಲ ವಾರ, ಬೆಳಗ್ಗೆ ಬಿಸಿಲು ಏರುವ ಮೊದಲು, ನಾನು ಅದರ ಸೇಡಂ ಕಡೆಯ ತುದಿಯಲ್ಲಿ, ರಸ್ತೆಯ ಎಡಕ್ಕೆ ನಿಂತಿದ್ದೆ. ತುಂತುರು ಬಿದ್ದಿತ್ತು. ಸೈಕಲ್ ಚಕ್ರದ ಗಾಳಿ ಸ್ವಲ್ಪ ಇಳಿಸಿ ಮುಚ್ಚಳ ತಿರುವುತ್ತಿದ್ದೆ.

"ಗಾಳಿ ಬಿಡೋದ್ರಾಗೇ ನಿಮ್ಮ ಹರೇ ಹೋಯ್ತು ನೋಡ್ರಿ ಭಾವ," ಎಂದು ನಗುತ್ತ ತಂಗಿಯ ಗಂಡ ಮುಂದೆ ಹೋದ. ನಾನು ತಲೆ ಎತ್ತಿದೆ. ಅಲ್ಲಿಂದ ಮುಂದಿನದನ್ನೆಲ್ಲ ನೋಡಿದ್ದೇನೆ.

ಇಬ್ಬರದೂ ಡಾಂಬರಿಗೂ ಹೊಲದ ದಾರಿಗೂ ನಡೆಯುವ ಸೈಕಲ್. ಟಯರ್ ಆರಿಸಲು ಬಹಳ ಅಲೆದಿದ್ದೆವು. ಉದ್ದ ಹಲ್ಲಿನದು ಚಿಂಚೋಳಿಯ ಕೆಮ್ಮಣ್ಣಿಗೆ ಸರಿ, ಎರೆಮಣ್ಣಿನಲ್ಲಿ ಸಂದು ತುಂಬಿ ಚಕ್ರವೇ ನಿಲ್ಲುತ್ತದೆ. ನುಣ್ಣನೆಯದು ಶಹಾಬಾದಿನ ಒದ್ದೆ ಪರಸಿಕಲ್ಲಿನ ಮೇಲೆ ಜಾರುತ್ತದೆ. ಕೊನೆಗೆ ಗಿಡ್ಡ ಹಲ್ಲಿನ, ಅಗಲ ಸಂದಿನ ಟಯರ್ ಹಾಕಿಸಿದೆವು. ರಸ್ತೆ ಒಣಗಿದ್ದರೆ ಗಾಳಿ ಗಟ್ಟಿ, ಒದ್ದೆಯಾದರೆ ಮೆತ್ತಗೆ.

ಎರೆಹೊಲದವರು ಕೆಸರನ್ನು ತೊಳೆಯುವುದಿಲ್ಲ. ಒಣಗಿದರೆ ತಾನೇ ಉದುರುತ್ತದೆ. ಕುಂಟೆಗೂ ಗಾಡಿಗೂ ಹಾಗೆಯೇ. ಆದರೆ ಲಾರಿಗಳಿಂದ ಸಿಮೆಂಟ್ ಪುಡಿ ಬೀಳುವ ರಸ್ತೆಯ ಕೆಸರು ಬೇರೆ. ಅದು ಹಲ್ಲಿನ ಸಂದಿನಲ್ಲಿ ಕಲ್ಲಾಗುತ್ತದೆ. ಹಿಂದಿನ ಸಂಜೆ ನಾವು ಅದೇ ರಸ್ತೆಯಲ್ಲಿ ಮಳೆಗೆ ಸಿಕ್ಕಿದ್ದೆವು. ನಾನು ಮನೆಗೆ ಬಂದವನೇ ಬ್ರಷ್ ಹಿಡಿದು ಉಜ್ಜಿದ್ದೆ. ಅವನ ಚಕ್ರವನ್ನು ಬೆಳಗಿನ ಮಬ್ಬಿನಲ್ಲಿ ನಾನು ನೋಡಲಿಲ್ಲ.

ಸೇತುವೆಯ ನಡುವೆ ಅವನ ಮುಂದಿನ ಚಕ್ರ ಬಲಕ್ಕೆ, ನೀರಿನ ಕಡೆಗೆ ಜಾರಿತು. ಹ್ಯಾಂಡಲ್ ತಿರುಗಿದ್ದು ಎಡಕ್ಕೆ, ರಸ್ತೆಯ ನಡುವಿನ ಕಡೆಗೆ. ಎರಡೂ ಕೈ ಬ್ರೇಕಿನ ಮೇಲಿದ್ದವು. ಅಂಚಿನ ಕಂಬಗಳನ್ನು ಹಿಂದಿನ ಸಲದ ನೆರೆ ಕಿತ್ತೊಯ್ದಿತ್ತು. ಅವನು ಕೆಳಗೆ ಬಂಡೆಯ ಮೇಲೆ ಬಿದ್ದು ಅಲ್ಲೇ ತೀರಿಹೋದ. ಸೈಕಲ್ ಮೇಲೆಯೇ ಉಳಿಯಿತು. ಅದರ ಹಿಂದಿನ ಚಕ್ರ ಟಿಕ್ ಟಿಕ್ ಎಂದು ಬಹಳ ಹೊತ್ತು ತಿರುಗುತ್ತಿತ್ತು. ಈಗಲೂ ತುಂತುರು ಬಿದ್ದಾಗ ನನಗೆ ಅದು ಕೇಳುತ್ತದೆ. ಎದ್ದು ಹೋಗಿ ನನ್ನ ಸೈಕಲ್ ನಿಂತೇ ಇದೆಯೇ ಎಂದು ನೋಡುತ್ತೇನೆ.

ಆಗ ಅವನಿಗೆ ಕೆಲಸ ಹೋಗಿತ್ತು. ತಾನಾಗಿಯೇ ಹಳ್ಳಕ್ಕೆ ಹಾರಿದ ಎಂದು ಊರು ಆಡಿಕೊಂಡಿತು. ತಂಗಿ ಸಿಕ್ಕಾಗಲೆಲ್ಲ ಒಂದೇ ಕೇಳುತ್ತಿದ್ದಳು: "ಖರೇ ಹೇಳಣ್ಣ. ಅವ್ರು ತಾವೇ ತಿರುಗಿಸಿದ್ರಾ?"

"ಇಲ್ಲವ್ವ. ಜಾರ್ತು."

ನನ್ನ ಮಾತು ಅವಳಿಗೆ ಸಾಲಲಿಲ್ಲ. ಈ ಸಲ ಮಳೆ ಹಿಡಿದಾಗ ಅವರ ಮನೆಯ ಕೊಟ್ಟಿಗೆಯಿಂದ ಆ ಮುಂದಿನ ಚಕ್ರ ಬಿಚ್ಚಿ ತಂದು ಅವಳ ಮುಂದೆ ಇಟ್ಟೆ. ಹಲ್ಲುಗಳೇ ಕಾಣುತ್ತಿರಲಿಲ್ಲ. ಪಾಲಿಶ್ ಹೊಡೆದ ಪರಸಿಯಂತೆ ಬೂದು ಬಣ್ಣ, ನುಣುಪು. ಅವಳು ಹೆಬ್ಬೆರಳು ಆಡಿಸಿದಳು. ನೀರು ಹಾಕಿದಳು, ತೆಂಗಿನ ನಾರಿನಿಂದ ತಿಕ್ಕಿದಳು. ಹೋಗಲಿಲ್ಲ.

"ಆ ಸಂಜಿ ಅವ್ರು ತೊಳೀಲಿಕತ್ತಿದ್ರು," ಎಂದಳು. "ಈಗೇ ಅಂಗಳ ಸಾರಿಸೀನಿ, ರಾಡಿ ಮಾಡಬ್ಯಾಡ್ರಿ, ಒಣಗಿದ್ರ ತಾನೇ ಉದುರ್ತದ ಅಂದೆ."

ಅವಳ ಒಂದು ಭಯ ತೆಗೆಯಲು ಹೋಗಿ ಇನ್ನೊಂದನ್ನು ಕೊಟ್ಟಿದ್ದೆ.

"ನೀ ಬಿಟ್ಟು ಮತ್ತ ಯಾರ್ ನೋಡ್ಯಾರಣ್ಣ?"

ನೋಡಿದವರು ಇನ್ನಿಬ್ಬರು. ಹಳ್ಳದ ದಂಡೆಯಲ್ಲಿ ಎಮ್ಮೆ ಕಾಯುತ್ತಿದ್ದ ಮುದುಕ ಹೋದ ಚಳಿಗಾಲದಲ್ಲಿ ತೀರಿಕೊಂಡ. ಸೇತುವೆಯ ಆಚೆ ತುದಿಯಲ್ಲಿ ಚಹಾ ಮಾರುವ ಹೆಂಗಸು ಇದ್ದಾಳೆ, ಈಗಲೂ ಅಲ್ಲೇ ಕೂರುತ್ತಾಳೆ. ಜಾರಿತೋ, ತಾನೇ ತಿರುಗಿಸಿದನೋ ಎಂದು ಹೇಳಲು ಉಳಿದವರು ಅವಳೊಬ್ಬಳು, ಮತ್ತೆ ನಾನು.