ಓಡದು ಎಂದು ಬರೆದಿಟ್ಟ ಎಂಜಿನ್

2023ರಲ್ಲಿ ನಾನು ಕೊಯಮತ್ತೂರಿನ ಪೀಳಮೇಡಿನಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಪುಟ್ಟ ರೈಲುಗಳನ್ನು ಮಾರುತ್ತಿದ್ದೆ. ಹೀಗೆಂದರೆ ಜನ ನಗುತ್ತಾರೆ, ನಗಲಿ. ಅದಕ್ಕೂ ಮುಂಚೆ ಇಪ್ಪತ್ತಾರು ವರ್ಷ ನೂಲಿನ ಗಿರಣಿಯೊಂದರ ಸ್ಟೋರ್ಸ್ ವಿಭಾಗದಲ್ಲಿ ಬೇರಿಂಗು, ಬೆಲ್ಟುಗಳಿಗೆ ಚೀಟಿ ಅಂಟಿಸಿದವಳು ನಾನು. ಗಿರಣಿ ಮುಚ್ಚಿದ ಮೇಲೆ ಕೈಗೆ ಕೆಲಸ ಬೇಕಿತ್ತು. ಮಾಡೆಲ್ ರೈಲುಗಳನ್ನು ಸಂಗ್ರಹಿಸಿದವರಿಂದ ಅವನ್ನು ಪಡೆದು, ಫೋಟೊ ತೆಗೆದು, ವಿವರ ಬರೆದು, ಆನ್‌ಲೈನ್ ಹರಾಜಿಗೆ ಹಾಕಿ, ಗೆದ್ದವರಿಗೆ ಪಾರ್ಸೆಲ್ ಕಳಿಸುವುದೇ ಆ ಕೆಲಸ.

ಇವು ಮಕ್ಕಳ ಆಟಿಕೆಗಳಲ್ಲ. ನಾನು ಹೆಚ್ಚಾಗಿ ಮಾರುತ್ತಿದ್ದುದು HO ಅಳತೆಯವು. ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲಿನಷ್ಟು ಗಾತ್ರ. ಹನ್ನೆರಡು ವೋಲ್ಟ್ ವಿದ್ಯುತ್ ಹಳಿಯಿಂದ ಗಾಲಿಗೆ, ಗಾಲಿಯಿಂದ ಹೊಟ್ಟೆಯೊಳಗಿನ ಮೋಟರಿಗೆ ಹರಿದರೆ ಎಂಜಿನ್ ಓಡುತ್ತದೆ. ಹರಾಜಿನ ವಿವರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು 'ಕಂಡಿಷನ್'. ಓಡುವ ಎಂಜಿನ್ ಅನ್ನು ಜನ ಓಡಿಸಲು ಕೊಳ್ಳುತ್ತಾರೆ. ಓಡದ್ದನ್ನು 'ಸ್ಪೇರ್ಸ್‌ಗೆ' ಎಂದು ಹಾಕಿದರೆ, ಕೊಂಡವರು ಬಿಚ್ಚಿ, ಮೋಟರ್ ಕಿತ್ತು, ಉಳಿದದ್ದನ್ನು ಡಬ್ಬಿಗೆ ಹಾಕುತ್ತಾರೆ. ಆ ಒಂದು ಸಾಲಿನ ಮೇಲೆ ಎಂಜಿನ್ನಿನ ಹಣೆಬರಹವೇ ನಿಂತಿರುತ್ತದೆ.

ಆ ವರ್ಷ ಕಾರಮಡೈ ಕಡೆಯ ನೇಕಾರರ ಬೀದಿಯೊಂದರಿಂದ ಕರೆ ಬಂತು. ಸೌಡಮ್ಮ ಎನ್ನುವವರು, ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ಮನೆತನ. ಗಂಡ ರಾಮಲಿಂಗಂ ಮಗ್ಗದ ಮೆಕ್ಯಾನಿಕ್. ಕೆಟ್ಟ ಎಂಜಿನ್‌ಗಳನ್ನು ಫೋನಿನಲ್ಲೇ ಹರಾಜು ಕೂಗಿ ಕೊಂಡು, ರಿಪೇರಿ ಮಾಡಿ, ಮತ್ತೆ ಹರಾಜಿಗೇ ಹಾಕುವುದು ಅವರ ಹುಚ್ಚು. ಅವರು ತೀರಿಕೊಂಡು ಏಳು ತಿಂಗಳಾಗಿತ್ತು. ಸೌಡಮ್ಮ ತಿರುಪ್ಪೂರಿನ ಮಗಳು ಶಾಂತಾಮಣಿಯ ಮನೆಗೆ ಹೊರಟಿದ್ದರು.

ನಾನು ಹೋದಾಗ ಅವರು ಬಾಗಿಲ ಬಳಿಯೇ ಕೂತಿದ್ದರು. ಸಕ್ಕರೆ ಕಾಯಿಲೆಯಿಂದ ನೋಟ ಮಸುಕಾಗಿತ್ತು.

"ಬಾ ಅಮ್ಮಣಿ, ಒಳಕ್ಕೆ ಬಾ. ಏನ್ ಮಾಡದು ಹೇಳು, ಮಗಳ ಮನೇಲಿ ಅಷ್ಟು ಎಡ ಇಲ್ಲ. ಎಲ್ಲಾನೂ ವಿತ್ತುಬಿಡು. ಅವರು ಸಾಯಂಕಾಲ ನಂಗೆ ಬಿಡ್ತಿದ್ರಲ್ಲ, ಆ ವಂಡಿ ಒಂದು ಮಾತ್ರ ನಂಗೆ ಇರಲಿ."

ಎಡ ಎಂದರೆ ಜಾಗ, ವಿತ್ತುಬಿಡು ಎಂದರೆ ಮಾರಿಬಿಡು, ವಂಡಿ ಎಂದರೆ ಗಾಡಿ. ಮೂವತ್ತು ವರ್ಷ ಇಲ್ಲಿದ್ದ ನನಗೆ ಅಷ್ಟು ಗೊತ್ತಿತ್ತು. ವಂಡಿಯ ಕಥೆಯನ್ನು ಅವರೇ ಹೇಳಿದರು. ಸಂಜೆ ಅವರು ಕೋಣೆಯ ಒಂದು ಮೂಲೆಯಲ್ಲಿ ನೂಲು ಸುತ್ತುತ್ತಾ ಕೂತರೆ, ಇನ್ನೊಂದು ಮೂಲೆಯ ಮೇಜಿನಿಂದ ಗಂಡ ರೈಲು ಬಿಡುತ್ತಿದ್ದರು. ಹಿಂದಿನ ತೆರೆದ ವ್ಯಾಗನ್ನಿನಲ್ಲಿ ಒಂದು ಚೂರು ಅಡಿಕೆ. ನೇರವಾಗಿ ಕೈಗೆ ಕೊಟ್ಟರೆ ಆಗುತ್ತಿರಲಿಲ್ಲವೇ ಎಂದು ಕೇಳಿದೆ. "ಕೈಗೆ ಕೊಡಕ್ಕೆ ಅವರಿಗೆ ವೆಟ್ಕ, ಅಮ್ಮಣಿ," ಎಂದು ಆಕೆ ನಕ್ಕರು. ನಲವತ್ತಾರು ವರ್ಷ ಸಂಸಾರ ಮಾಡಿದ ಮೇಲೂ ನಾಚಿಕೆ! ನನಗೆ ಆ ಮನುಷ್ಯರನ್ನು ಒಮ್ಮೆಯಾದರೂ ನೋಡಬೇಕಿತ್ತು ಅನ್ನಿಸಿತು.

ಆದರೆ ಆ ವಂಡಿ ಯಾವುದೆಂದು ಆಕೆಗೂ ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಹದಿನಾಲ್ಕು ಎಂಜಿನ್‌ಗಳಿದ್ದವು, ಹೆಚ್ಚಿನವು ಕಪ್ಪು, ಕೈಯಲ್ಲಿ ಹಿಡಿದರೆ ಎಲ್ಲವೂ ಒಂದೇ. ಸಾಮಾನು ಕಟ್ಟಲು ಬಂದಿದ್ದ ಶಾಂತಾಮಣಿಗೂ ತಿಳಿಯದು, ಅವಳು ಮದುವೆಯಾಗಿ ಹೋದಮೇಲೆ ಶುರುವಾದ ಹುಚ್ಚು ಇದು. "ಅಡಿಯಲ್ಲಿ ಏನೋ ಎಳುತ್ತು ಇದೆ ಆಂಟಿ. ತೆಲುಗೋ ಏನೋ ಅಂತ ನೆನೆಸಿದೆ," ಎಂದಳು. ಎಳುತ್ತು ಎಂದರೆ ಬರಹ. ತಿರುಗಿಸಿ ನೋಡಿದರೆ ಪ್ರತಿಯೊಂದರ ತಳದಲ್ಲೂ ಸಣ್ಣ ಚೀಟಿ, ಚೀಟಿಯ ಮೇಲೆ ಅಚ್ಚ ಕನ್ನಡ! ಮನೆಯವರೆಲ್ಲ ದಿನಾ ಮಾತಾಡುವ ಭಾಷೆ, ಯಾರಿಗೂ ಅಕ್ಷರ ಗೊತ್ತಿಲ್ಲ. ರಾಮಲಿಂಗಂ ಮಾತ್ರ ಐವತ್ತು ದಾಟಿದ ಮೇಲೆ ಕೊಳ್ಳೇಗಾಲದ ನೆಂಟರಿಂದ ಕಾಪಿ ಪುಸ್ತಕ ತರಿಸಿಕೊಂಡು, ತಾವೇ ತಿದ್ದಿ ಕಲಿತಿದ್ದರಂತೆ.

ನನಗೋ ಒಳಗೊಳಗೇ ಜಂಬ. ಧಾರವಾಡದಲ್ಲಿ ಕನ್ನಡದಲ್ಲೇ ಓದಿದವಳು ನಾನು. ಕೊಯಮತ್ತೂರಿಗೆ ಬಂದ ಮೇಲೆ ನನ್ನ ಕನ್ನಡ ಯಾರ ಉಪಯೋಗಕ್ಕೂ ಬಂದದ್ದೇ ಇಲ್ಲ, ಅವತ್ತು ಬಂತು. ಮನೆಗೆ ತಂದು ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಓದಿದೆ. ಹದಿಮೂರರ ಮೇಲೆ 'ನಿಂತದೆ' ಎಂದಿತ್ತು. ಒಂದರ ಮೇಲೆ 'ಓಡದು' ಎಂದಿತ್ತು. ಒಂದೇ ಮಾತನ್ನು ಪಾಪ ಎರಡು ಬಗೆಯಲ್ಲಿ ಬರೆದಿದ್ದಾರೆ ಅಂದುಕೊಂಡೆ.

ಪ್ರತಿ ಎಂಜಿನ್ ಅನ್ನೂ ಎರಡು ಅಡಿಯ ಟೆಸ್ಟ್ ಟ್ರ್ಯಾಕ್ ಮೇಲಿಟ್ಟು, ವಿದ್ಯುತ್ ಕೊಟ್ಟು ನೋಡಿಯೇ ಕಂಡಿಷನ್ ಬರೆಯಬೇಕು. ಇದು ನಾನೇ ಮಾಡಿಕೊಂಡಿದ್ದ ನಿಯಮ. ಆ ಸಲ ಮಾತ್ರ ಬಿಟ್ಟೆ. ಮಗ್ಗದ ಮೆಕ್ಯಾನಿಕ್ ಸ್ವಂತ ಕೈಯಿಂದ ಬರೆದಿಟ್ಟ ಮೇಲೆ ನಾನೇನು ಪರೀಕ್ಷೆ ಮಾಡುವುದು? ಸೌಡಮ್ಮನವರಿಗೆ ಫೋನ್ ಮಾಡಿದೆ.

"ಅಕ್ಕಾ, ಒಂದೂ ಓಡಂಗಿಲ್ಲ. ಅವರೇ ಬರೆದಿಟ್ಟಾರ. ನೀವು ಕೇಳಿದ್ದು ಇದರಾಗ ಇಲ್ಲ. ಮೊದಲೇ ಮಾರಿರಬೇಕು."



"ಅಪ್ಪಡಿಯಾ," ಎಂದರು. "ನಂಗೆ ಹೇಳದೆ ವಿತ್ತುಬಿಟ್ರಾ ಅವರು? ಸರಿ ಅಮ್ಮಣಿ. ಎಲ್ಲಾ ಹಾಕಿಬಿಡು."

ಆ ದನಿ ನನ್ನ ಕಿವಿಯಲ್ಲಿ ಉಳಿಯಿತು. ಆದರೂ ಹದಿನಾಲ್ಕನ್ನೂ 'ಓಡುವುದಿಲ್ಲ, ಸ್ಪೇರ್ಸ್‌ಗೆ' ಎಂದು ಬರೆದು ಏಳು ದಿನದ ಹರಾಜಿಗೆ ಹಾಕಿದೆ. ಭಾನುವಾರ ಸಂಜೆ ಐದಕ್ಕೆ ಹರಾಜು ಮುಗಿಯಿತು. ಒಂಬತ್ತು ಹೋದವು, ಐದು ಉಳಿದವು. 'ಓಡದು' ಚೀಟಿಯ ಎಂಜಿನ್ ಅನ್ನು ಗೆದ್ದವರು ಪೊಳ್ಳಾಚಿಯ ನಿವೃತ್ತ ಗಣಿತದ ಮೇಷ್ಟರು. ಅವರ ಹತ್ತಿರ ಅದೇ ಮಾದರಿಯ ಎಂಜಿನ್ ಒಂದು ಮೋಟರ್ ಸುಟ್ಟು ಕೂತಿತ್ತು. ಇದರ ಮೋಟರ್ ಕೆಟ್ಟಿರಲಿಕ್ಕಿಲ್ಲ ಎಂಬ ಆಸೆಯಿಂದ ಕೂಗಿದ್ದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಪಾರ್ಸೆಲ್ ಕಟ್ಟುತ್ತಿದ್ದೆ. ಕೊರಿಯರ್‌ನವರು ಹನ್ನೆರಡಕ್ಕೆ ಬರುತ್ತಾರೆ. ಅಷ್ಟರಲ್ಲಿ ಆಟೋದಿಂದ ಸೌಡಮ್ಮ, ಶಾಂತಾಮಣಿ ಇಳಿದರು. ಮನೆ ಖಾಲಿ ಮಾಡುವಾಗ ಸಿಕ್ಕ ಒಂದಷ್ಟು ಹಳಿಗಳನ್ನು ಚೀಲದಲ್ಲಿ ತಂದಿದ್ದರು. ಕಾಫಿ ಕುಡಿದ ಮೇಲೆ ಸೌಡಮ್ಮ ಮೆಲ್ಲಗೆ ಕೇಳಿದರು.

"ಅವರು ಎಳುದಿರದನ್ನ ಒಂದು ಸಲ ಓದಿ ಹೇಳು ಅಮ್ಮಣಿ. ಅವರ ಕೈ ಎಳುತ್ತು ಏನ್ ಹೇಳ್ತದೆ ಅಂತ ನಾನು ಒಂದು ದಿನಾನೂ ಕೇಳಲಿಲ್ಲ."

ಅದಕ್ಕೇನಂತೆ ಎಂದು ಮೇಜಿನ ಮೇಲಿದ್ದವನ್ನು ಎತ್ತಿ ಎತ್ತಿ ಓದಿದೆ. "ನಿಂತದೆ." "ಆಮಾ," ಎಂದು ಹೂಂಗುಟ್ಟಿದರು. "ನಿಂತದೆ." "ಆಮಾ." ಪ್ಯಾಕ್ ಮಾಡುತ್ತಿದ್ದ ಎಂಜಿನ್ ಅನ್ನು ತಿರುಗಿಸಿ, "ಓಡದು," ಎಂದೆ.

ಸೌಡಮ್ಮನವರ ಕೈ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು.

"ಅದೇ ಅಮ್ಮಣಿ! ಓಡದು ಅಂತ ಎಳುದವ್ರಲ್ಲ, ಅದೇ ನನ್ನ ವಂಡಿ!"

"ಅಕ್ಕಾ, ಓಡದು ಅಂದರ ಓಡಂಗಿಲ್ಲ ಅಂತ."

"ಯಾರು ಹೇಳಿದ್ದು? ಓಡಲ್ಲ ಅಂದ್ರೆ ಓಡಲ್ಲ. ನಿಂತದು ನಿಂತದೆ, ಓಡದು ಓಡ್ತದೆ!"

ಅವರ ಕನ್ನಡದಲ್ಲಿ 'ಮಾಡುವುದು' ಸವೆದು 'ಮಾಡದು' ಆಗಿದೆ, 'ಓಡುವುದು' ಸವೆದು 'ಓಡದು'. 'ಏನ್ ಮಾಡದು' ಎಂಬುದನ್ನು ಆಕೆಯ ಬಾಯಲ್ಲಿ ಮೊದಲ ದಿನವೇ ಕೇಳಿದ್ದೆ, ಸರಿಯಾಗಿ ಅರ್ಥವೂ ಮಾಡಿಕೊಂಡಿದ್ದೆ. ಅದೇ ಮಾತು ಕಾಗದದ ಮೇಲೆ ಕಂಡಾಗ ಮಾತ್ರ ನನ್ನ ಪುಸ್ತಕದ ಕನ್ನಡ ಅಡ್ಡ ಬಂತು. ರಾಮಲಿಂಗಂ ಮಾತಾಡಿದಂತೆಯೇ ಬರೆದಿದ್ದರು. ರಿಪೇರಿಯಾದದ್ದನ್ನೆಲ್ಲ ಮಾರಿ, ಓಡುವ ಒಂದನ್ನು ಮಾತ್ರ ಹೆಂಡತಿಗಾಗಿ ಇಟ್ಟುಕೊಂಡಿದ್ದರು. ನಾನು ಅದನ್ನು ಬಿಚ್ಚಲು ಕೊಟ್ಟಿದ್ದೆ.

ಹರಾಜು ಮುಗಿದ ಮೇಲೆ ವಸ್ತು ಗೆದ್ದವರದು, ಮಾರುವವಳು ಹಿಂದೆಗೆಯುವಂತಿಲ್ಲ. ಮೇಷ್ಟರಿಗೆ ಫೋನ್ ಮಾಡಿ ತಮಿಳಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಖಡಕ್ ಮನುಷ್ಯರು. ಹಿಂದೊಮ್ಮೆ ವ್ಯಾಗನ್ನಿನ ಬಣ್ಣ ಫೋಟೊದಲ್ಲಿದ್ದಂತೆ ಇಲ್ಲ ಎಂದು ಎರಡು ಪುಟದ ದೂರು ಬರೆದಿದ್ದರು.

"ಓಡುತ್ತದೆ ಅಂತ ನೀವೇ ನೋಡಿದ್ದೀರೋ, ಯಾರೋ ಹೇಳಿದರೋ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ನನಗೆ ನಾನೇ ಎರಡು ವಾರ ಮುಂಚೆ ಕೇಳಿಕೊಳ್ಳಬೇಕಿತ್ತು. ನಾನು ನೋಡಿಲ್ಲ ಎಂದೆ.

"ಹಾಗಾದರೆ ಈಗ ಓಡಿಸಿ. ಫೋನ್ ಹತ್ತಿರ ಇಡಿ. ನಾನೂ ಕೇಳುತ್ತೇನೆ."

ಸೌಡಮ್ಮನವರ ಚೀಲದ ಹಳಿಗಳನ್ನೇ ಮೇಜಿನ ಮೇಲೆ ಸುತ್ತಾಗಿ ಜೋಡಿಸಿದೆ. ಕಂಟ್ರೋಲರ್ ತಿರುಗಿಸಿದಾಗ ಮೊದಲು ಏನೂ ಆಗಲಿಲ್ಲ. ಏಳು ತಿಂಗಳು ಕೂತ ಗಾಲಿಗೆ ಧೂಳು ಹಿಡಿದಿತ್ತು. ಬಟ್ಟೆಯಿಂದ ಒರೆಸಿ, ಒಂದು ತೊಟ್ಟು ಎಣ್ಣೆ ಬಿಟ್ಟು ಮತ್ತೆ ಇಟ್ಟೆ. ಎಂಜಿನ್ ಒಮ್ಮೆ ನಡುಗಿ, ಹೊರಟೇ ಬಿಟ್ಟಿತು. ತಿರುವಿನಲ್ಲಿ ಕಿರ್ ಎಂದು ಒಂದು ಸದ್ದು. ಆ ಸದ್ದಿಗೆ ಸೌಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಅದೇ," ಎಂದರು, "ಅಲ್ಲೇ ಹಂಗೆ ಕೂಗದು." ಆಮೇಲೆ ಅಳು ತಡೆಯಲಿಲ್ಲ. ಶಾಂತಾಮಣಿ ಅವರ ಬೆನ್ನು ಸವರುತ್ತಾ ತಾನೂ ಅತ್ತಳು. ನನಗೂ ಕಣ್ಣು ತುಂಬಿತು.

ಎರಡು ಸುತ್ತು ಮುಗಿದ ಮೇಲೆ ಫೋನಿನಲ್ಲಿ ಮೇಷ್ಟರ ದನಿ ಬಂತು.

"ನೋಡಿ ಮೇಡಂ, ನೀವು ವಿವರದಲ್ಲಿ ಓಡುವುದಿಲ್ಲ ಎಂದು ಹಾಕಿದ್ದಿರಿ. ನಾನು ಕೊಂಡದ್ದು ಓಡದ ಎಂಜಿನ್. ಇದು ಓಡುತ್ತಿದೆ. ಹೇಳಿದಂತೆ ಇಲ್ಲದ ವಸ್ತು ನನಗೆ ಬೇಡ. ವಾಪಸ್ ತೆಗೆದುಕೊಳ್ಳಿ."

ಅಷ್ಟು ಹೇಳಿ ಇಟ್ಟರು. ಧನ್ಯವಾದ ಹೇಳಲೂ ಬಿಡಲಿಲ್ಲ. ಆ ಮಧ್ಯಾಹ್ನವೇ ಉಳಿದಿದ್ದ ಐದನ್ನೂ ಪರೀಕ್ಷಿಸಿದೆ. ಒಂದರಲ್ಲಿ ಹಲ್ಲುಚಕ್ರ ಮುರಿದಿತ್ತು, ಮೇಷ್ಟರಿಗೆ ಬೇಕಿದ್ದ ಬಗೆಯ ಅದರ ಮೋಟರ್ ಮಾತ್ರ ಚೆನ್ನಾಗಿತ್ತು. ಸೌಡಮ್ಮನವರ ಒಪ್ಪಿಗೆ ಕೇಳಿ ಅದನ್ನು ಪೊಳ್ಳಾಚಿಗೆ ಕಳಿಸಿದೆ. ಮೇಷ್ಟರು ವಿವರ ಸರಿಯಾಗಿದೆ ಎಂದು ಒಂದೇ ಸಾಲು ಬರೆದರು. ಮಾರಿಹೋದ ಉಳಿದ ಎಂಟನ್ನೂ ಕಳಿಸುವ ಮುಂಚೆ ಒಂದೊಂದಾಗಿ ಹಳಿಯ ಮೇಲಿಟ್ಟು ನೋಡಿದೆ. ಅವು ನಿಜಕ್ಕೂ ನಿಂತಿದ್ದವು.

ಅಂದಿನಿಂದ ಯಾರೇ ಏನೇ ಬರೆದಿಟ್ಟಿರಲಿ, ಹಳಿಯ ಮೇಲೆ ಇಟ್ಟು ನೋಡದೆ ಕಂಡಿಷನ್ ಬರೆಯುವುದಿಲ್ಲ. ಚೀಟಿ ಇದ್ದರೆ ಮೊದಲು ಆ ಮನೆಯವರ ಎದುರು ಗಟ್ಟಿಯಾಗಿ ಓದುತ್ತೇನೆ, ಅದು ಯಾವ ಭಾಷೆಯದೇ ಆಗಿರಲಿ. ಕೆಲಸ ಕಲಿಸಿದ ಪಾಠ ಇಷ್ಟೇ. ಆ ಕೋಣೆಯಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ಆದರೆ ಗಂಡ ಬರೆದದ್ದನ್ನು ಸರಿಯಾಗಿ ಓದಿದವರು ಸೌಡಮ್ಮ.