ಹಿರೀಸಾವೆಯಲ್ಲಿ ನಿಂತ ಡಕೋಟ

ಅವತ್ತು ಬೆಳಿಗ್ಗೆ ನಾನೂ ಹೊಳೆನರಸೀಪುರದ ಅಕ್ಕನೂ ಚನ್ನರಾಯಪಟ್ಟಣದ ನಮ್ಮ ಮನೆಯ ತಾರಸಿಯ ಮೇಲೆ ಅಕ್ಕಿ ಸಂಡಿಗೆ ಒತ್ತುತ್ತಿದ್ದೆವು. ಯಜಮಾನರ ಹಳೆಯ ಪಂಚೆ ಹಾಸಿ, ಮೂಲೆಗಳಿಗೆ ಇಟ್ಟಿಗೆ ಇಟ್ಟು, ಒಂದೆರಡು ಸಾಲು ಮುಗಿಸಿದ್ದೆವು. ಬಿಸಿಲು ಚೆನ್ನಾಗಿತ್ತು, ಕಾಗೆ ಇನ್ನೂ ಬಂದಿರಲಿಲ್ಲ. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ಕೈತುಂಬ ಹಿಟ್ಟಿದ್ದುದರಿಂದ ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ನಮ್ಮ ಯಜಮಾನರು ವಾಯುಪಡೆಯಲ್ಲಿದ್ದಾಗ ಅವರ ಜೊತೆಗಿದ್ದವರೊಬ್ಬರ ಹೆಂಡತಿ. ಹಾಗಾಗಿ ಅವರ ಯಜಮಾನರು ನನಗೆ ಭಾವ. ಡಕೋಟ ಎಂಬ ಸಾಮಾನು ಸಾಗಿಸುವ ಹಳೇ ಕಾಲದ ವಿಮಾನದಲ್ಲಿ ಇಬ್ಬರಿಗೂ ಕೆಲಸ. ನಮ್ಮವರು ಇಂಜಿನ್ನು ನೋಡಿಕೊಳ್ಳುತ್ತಿದ್ದರು. ಭಾವ ಒಳಗೆ ಮೂಟೆಗಳನ್ನು ತುಂಬಿ, ಹಗ್ಗ ಕಟ್ಟಿ, ರಸ್ತೆಯಿಲ್ಲದ ಬೆಟ್ಟದ ಊರುಗಳ ಮೇಲೆ ಹೋದಾಗ ಬಾಗಿಲಿನಿಂದ ನೂಕುತ್ತಿದ್ದರು. ಅಕ್ಕಿಯನ್ನು ಪ್ಯಾರಾಚೂಟ್ ಇಲ್ಲದೆ ಎಸೆಯುವಾಗ ಚೀಲದ ಮೇಲೆ ಇನ್ನೊಂದು ಸಡಿಲವಾದ ಚೀಲ ಹಾಕುತ್ತಿದ್ದರಂತೆ. ಒಳಗಿನದು ಒಡೆದರೂ ಹೊರಗಿನದು ಹಿಡಿದುಕೊಳ್ಳುತ್ತದೆ. ಭಾವ ಇದನ್ನು ಹೇಳಿಕೊಟ್ಟ ಮೇಲೆ ಅರಕಲಗೂಡಿನ ತವರಿಗೆ ಬಸ್ಸಿನಲ್ಲಿ ಅಕ್ಕಿ ಕಳಿಸುವಾಗ ನಾನೂ ಹಾಗೇ ಮಾಡುತ್ತಿದ್ದೆ. ಬಸ್ಸಿನ ಮೇಲಿಂದ ಇಳಿಸುವವರೂ ಮೂಟೆಯನ್ನು ಹೆಚ್ಚುಕಡಿಮೆ ಬೆಟ್ಟದ ಊರಿನ ಮೇಲೆ ಎಸೆದ ಹಾಗೇ ಎಸೆಯುತ್ತಿದ್ದರು.

ಪಿಂಚಣಿಗೆ ಬಂದ ಮೇಲೆ ಇವರಿಬ್ಬರೂ ತಿಂಗಳಿಗೊಂದು ಭಾನುವಾರ ಹಿರೀಸಾವೆಯಲ್ಲಿ ಸೇರುವುದು ರೂಢಿಯಾಗಿತ್ತು. ಅಲ್ಲಿ ಹೆದ್ದಾರಿ ಬದಿಗೆ ಹೋಟೆಲು ಇಟ್ಟುಕೊಂಡಿದ್ದವರೂ ಡಕೋಟದವರೇ. ಮೂವರೂ ಇಡ್ಲಿ ಮುಂದಿಟ್ಟುಕೊಂಡು ಯಾವ ವಿಮಾನದ ಬಾಗಿಲು ತೆಗೆಯುವಾಗ ಗಟ್ಟಿ ಬರುತ್ತಿತ್ತು, ಯಾವುದರ ಚಕ್ರ ಕಿರುಗುಟ್ಟುತ್ತಿತ್ತು ಎಂದು ಜಗಳವಾಡುತ್ತಿದ್ದರು. ಸತ್ತವರ ಬಗ್ಗೆಯೂ ಅಷ್ಟು ವಿವರವಾಗಿ ಮಾತಾಡುವುದನ್ನು ನಾನು ಕೇಳಿಲ್ಲ. ಹಿಂದಿನ ದೀಪಾವಳಿಯಲ್ಲಿ ಭಾವನಿಗೆ ಲಕ್ವ ಹೊಡೆಯಿತು. ಕಾಲು ಮೆಲ್ಲಗೆ ಸರಿಹೋಯಿತು. ಬಲಗೈ, ಮಾತು ಬರಲಿಲ್ಲ. ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಹಾಸನದ ಡಾಕ್ಟರು ಹೇಳಿದ್ದರು. ಮುಂದೆ ಏನೇ ಆದರೂ ಅವರು ಹೇಳಿದ್ದು ತಪ್ಪಾಗುವಂತಿರಲಿಲ್ಲ. ಭಾನುವಾರದ ಹೋಟೆಲಿಗೆ ಭಾವನನ್ನು ಕರೆದುಕೊಂಡು ಹೋಗುವುದು ಮಾತ್ರ ನಿಲ್ಲಲಿಲ್ಲ. ಜಗಳದ ನಡುವೆ ಅವರ ಸರದಿ ಬಂದಾಗ ಉಳಿದಿಬ್ಬರೂ ಒಂದೊಂದು ಗುಟುಕು ಕಾಫಿ ಕುಡಿದು, ಆಮೇಲೆ ಮುಂದುವರಿಸುತ್ತಿದ್ದರಂತೆ.

ಅಕ್ಕ ಪ್ರತಿ ಶನಿವಾರ ಒದ್ದೆ ಸೀರೆಯಲ್ಲಿ ನರಸಿಂಹಸ್ವಾಮಿಗೆ ಪ್ರದಕ್ಷಿಣೆ ಹಾಕುತ್ತಿದ್ದರು. ಅವರ ಬೇಡಿಕೆ ದೊಡ್ಡದಲ್ಲ. ಒಂದು ಮಾತು ಆಡಿದರೆ ಸಾಕು, ಬಯ್ದರೂ ಸರಿ. ಗಾಳಿ ಬದಲಾದರೆ ಒಳ್ಳೆಯದೆಂದು ನಾನೇ ಕರೆದಿದ್ದೆ, ಇಬ್ಬರೂ ನಮ್ಮ ಮನೆಗೆ ಬಂದಿದ್ದರು.

ಕೆಳಗೆ ಫೋನು ಬಡಿದುಕೊಂಡಿತು. ಸ್ವಲ್ಪ ಹೊತ್ತಿಗೆ ಯಜಮಾನರು ಮೆಟ್ಟಿಲು ಹತ್ತಿ ಬಂದವರೇ ಮೊದಲ ಸಾಲಿನ ಸಂಡಿಗೆಯ ಮೇಲೆ ನಿಂತು, ಹಿರೀಸಾವೆಯಲ್ಲಿ ಡಕೋಟ ನಿಂತಿದೆಯಂತೆ ಎಂದರು. ನಾನು ಬಸ್ಸೆಂದುಕೊಂಡೆ. ನಮ್ಮ ಕಡೆ ಕೆಟ್ಟು ನಿಲ್ಲುವ ಬಸ್ಸಿಗೆಲ್ಲ ಅದೇ ಹೆಸರು, ಯಜಮಾನರಿಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಅವರು ಹೇಳಿದ್ದು ವಿಮಾನದ ಸಂಗತಿ. ಮಂಗಳೂರಿನ ಕಡೆಯ ಯಾವುದೋ ಕಾಲೇಜಿನವರು ಹುಡುಗರಿಗೆ ತೋರಿಸಲು ಹಳೆಯದೊಂದನ್ನು ಕೊಂಡು ದೊಡ್ಡ ಲಾರಿಯಲ್ಲಿ ಸಾಗಿಸುತ್ತಿದ್ದರು. ಅದರ ಬಾಲ ಕರೆಂಟ್ ತಂತಿಗೆ ತಗುಲುವ ಹಾಗಿದ್ದುದರಿಂದ ಲೈನ್‌ಮನ್ ಬರುವವರೆಗೆ ಹೋಟೆಲಿನ ಎದುರೇ ನಿಂತಿತ್ತು.

ಭಾವನನ್ನು ಕರೆದುಕೊಂಡು ಹೋಗುವುದು ಬೇಡವೆಂಬುದು ಯಜಮಾನರ ಅಭಿಪ್ರಾಯ. ಅದನ್ನು ಆ ಸ್ಥಿತಿಯಲ್ಲಿ ನೋಡಿ ಎದೆಗೇನಾದರೂ ಆದರೆ ಎಂದು ಪಿಸುಗುಟ್ಟಿದರು. ಅಕ್ಕ ಕೈಯ ಹಿಟ್ಟನ್ನು ಕೆರೆದುಕೊಳ್ಳುತ್ತ ಹೇಳಿದರು.

"ದೀಪಾವಳಿಯಿಂದ ಗೋಡೆ ನೋಡ್ಕಂಡು ಕುಂತವ್ರೆ. ಏನಾರ ಆಗೋದಿದ್ರೆ ಗೋಡೆ ನೋಡೇ ಆಗ್ಬೇಕಿತ್ತು."

ಉಳಿದ ಹಿಟ್ಟಿಗೆ ತಟ್ಟೆ ಮುಚ್ಚಿ, ಆಗಿದ್ದ ಸಂಡಿಗೆಯನ್ನು ದೇವರ ಮೇಲೆ ಭಾರ ಹಾಕಿ, ನಾಲ್ವರೂ ಬಸ್ಸು ಹತ್ತಿದೆವು. ಕಂಡಕ್ಟರು ಭಾವನಿಗೆ ಮುಂದಿನ ಸೀಟು ಬಿಡಿಸಿಕೊಟ್ಟ. ಅದೂ ಒಂದು ದಯೆಯೇ.

ಹಿರೀಸಾವೆಯಲ್ಲಿ ಜನ ಸೇರಿದ್ದರು. ವಿಮಾನದ ರೆಕ್ಕೆಗಳನ್ನು ಬಿಚ್ಚಿ ಮೊದಲೇ ಬೇರೆ ಲಾರಿಯಲ್ಲಿ ಕಳಿಸಿದ್ದರು. ಬಣ್ಣ ಎದ್ದು, ಮೂತಿ ತಗ್ಗಿ, ಮೈತುಂಬ ಹಗ್ಗ ಸುತ್ತಿಸಿಕೊಂಡು ಅದು ಲಾರಿಯ ಮೇಲೆ ಮಲಗಿತ್ತು. ಜೀವಮಾನವಿಡೀ ಬೇರೆಯವರ ಮೂಟೆ ಹೊತ್ತು ಈಗ ತಾನೇ ಮೂಟೆಯಾಗಿತ್ತು. ಕುರಿ ಹೊಡೆದುಕೊಂಡು ಬಂದಿದ್ದ ಒಬ್ಬರು ಸುತ್ತ ನೋಡಿ ತಮ್ಮ ಜೊತೆಯವರಿಗೆ, "ರೆಕ್ಕೆ ಇಲ್ದಿದ್ಮೇಲೆ ಇದೆಂಗ್ಲಾ ಇಮಾನ? ನೀರಿನ ಟ್ಯಾಂಕು ಕಣ್ಲಾ," ಎಂದರು. ಯಜಮಾನರು ಅವರನ್ನು ನೋಡಿದ ರೀತಿಯಲ್ಲಿ ನನ್ನನ್ನು ಎಂದೂ ನೋಡಿಲ್ಲ. ಅದಕ್ಕೂ ದೇವರಿಗೆ ನಮಸ್ಕಾರ.

ಅಷ್ಟರಲ್ಲಿ ಹೋಟೆಲಿನವರು ಬಂದು, ಇದು ನಮ್ಮದೇ, ಬಾಗಿಲು ಗಟ್ಟಿ ಬರುತ್ತಿದ್ದದ್ದು ಎಂದರು. ಯಜಮಾನರು ಅಲ್ಲವೆಂದರು. ನಂಬರಿನ ಮೇಲೆ ಯಾರೋ ಬಣ್ಣ ಬಳಿದಿದ್ದರು. ಬಾಗಿಲಿಗೆ ತಗಡು ಹೊಡೆದಿದ್ದರಿಂದ ಗಟ್ಟಿ ಬರುತ್ತದೆಯೇ ಇಲ್ಲವೇ ನೋಡುವ ಹಾಗೂ ಇರಲಿಲ್ಲ. ಇಬ್ಬರಿಗೂ ಅದರಿಂದ ಅನುಕೂಲವೇ ಆಯಿತು. ಜಗಳ ಮುಂದುವರಿಯಿತು.

ಭಾವ ಅತ್ತ ತಿರುಗಿಯೂ ನೋಡಲಿಲ್ಲ. ಊರುಗೋಲು ಊರಿಕೊಂಡು ಲಾರಿಯನ್ನು ನಿಧಾನವಾಗಿ ಬಲಗಡೆಯಿಂದ ಸುತ್ತು ಹಾಕತೊಡಗಿದರು. ಅಕ್ಕ ಹಿಂದೆ, ಅಕ್ಕನ ಹಿಂದೆ ನಾನು. ಗುಡಿಯಲ್ಲಿ ಹಾಕುವ ಪ್ರದಕ್ಷಿಣೆಯ ಹಾಗೇ ಇತ್ತು, ಗುಡಿಯಲ್ಲಿ ಡೀಸೆಲ್ ವಾಸನೆ ಇರುವುದಿಲ್ಲ ಅಷ್ಟೆ. ಬಾಲದ ಹತ್ತಿರ ಭಾವ ನಿಂತರು. ಅಲ್ಲಿ ಒಂದು ಹಗ್ಗ ಜೋತುಬಿದ್ದಿತ್ತು. ಊರುಗೋಲನ್ನು ಅಕ್ಕನ ಕೈಗೆ ಕೊಟ್ಟು ಎಡಗೈಯಿಂದ ಹಗ್ಗ ಎಳೆದರು. ಗಂಟು ಹಾಕಲು ಇನ್ನೊಂದು ಕೈ ಬೇಕಿತ್ತು, ಅದು ಪಕ್ಕದಲ್ಲಿ ಸುಮ್ಮನೆ ತೂಗುತ್ತಿತ್ತು. ಹಲ್ಲಿನಲ್ಲಿ ಕಚ್ಚಿ ಎಳೆಯಲು ನೋಡಿದರು. ಅಕ್ಕ ಊರುಗೋಲನ್ನು ನನಗೆ ದಾಟಿಸಿ ಕೈ ಚಾಚಿದರು. ಭಾವ ಹಗ್ಗದ ತುದಿಯನ್ನು ಆ ಕೈಯಲ್ಲಿಟ್ಟು,

"ಬಿಗಿ," ಎಂದರು.

ಅಕ್ಕ ಎಳೆದರು. ಭಾವ ಹಗ್ಗವನ್ನು ಮುಟ್ಟಿ ನೋಡಿ, "ಬಿಗಿ," ಎಂದರು. ಅಕ್ಕ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಲಾರಿಯ ಚಕ್ರಕ್ಕೆ ಕಾಲು ಕೊಟ್ಟು ಎಳೆದರು. ಭಾವ ಎಡಗೈಯಿಂದ ಸುತ್ತು ಹಾಕಿದರು, ಅಕ್ಕ ಗಂಟು ಹಾಕಿದರು. ಹಗ್ಗ ತಂತಿಯ ಹಾಗೆ ನಿಂತಿತು. ಆಗ ಅಕ್ಕ ನನ್ನ ಕಡೆ ತಿರುಗದೆಯೇ ಕೇಳಿದರು.

"ಕೇಳುಸ್ತೇನಮ್ಮಾ?"

"ಕೇಳುಸ್ತಕ್ಕ."

"ಇವ್ರೇ ಅಂದಿದ್ದಾ?"

"ಅವ್ರೇ ಕಣಕ್ಕ."

ಇನ್ನೊಂದು ಸಲ ಅನ್ನಿ ಎಂದು ಅಕ್ಕ ಕೇಳಿಕೊಂಡರು. ಭಾವ ಹಗ್ಗವನ್ನು ನೋಡುತ್ತ ನಿಂತರು. ಕಟ್ಟಿದ್ದು ಸರಿಯಾಗಿತ್ತು, ಹೇಳುವುದೇನೂ ಉಳಿದಿರಲಿಲ್ಲ. ಅಕ್ಕ ಒಂದು ಗಳಿಗೆ ಯೋಚಿಸಿದರು. ಆಮೇಲೆ ಗಂಟಿಗೆ ಕೈಹಾಕಿ, ಇಷ್ಟೊತ್ತು ಕಟ್ಟಿದ್ದನ್ನು ಸಡಿಲಿಸಿದರು. ಹಗ್ಗ ಮತ್ತೆ ಜೋತುಬಿತ್ತು.

"ಬಿಗಿ," ಎಂದರು ಭಾವ. ಈ ಸಲ ಸಿಟ್ಟಿನಿಂದ.

ಹೀಗೆ ಎಷ್ಟು ಸಲ ನಡೆಯಿತೋ. ಲಾರಿಯ ಡ್ರೈವರು ಬಂದು, "ಏನಮ್ಮಾ ಇದು, ಕಟ್ಟೋದು ಬಿಚ್ಚೋದು, ಆಟ ಆಡ್ತಿದ್ದೀರಾ?" ಎಂದು ಗದರಿದ. ಅಕ್ಕನಿಗೆ ಕಣ್ಣಲ್ಲಿ ನೀರು, ಕೈಯಲ್ಲಿ ಹಗ್ಗ. ನಾನು ಹೋಗಿ ನಮ್ಮವರನ್ನೂ ಹೋಟೆಲಿನವರನ್ನೂ ಕರೆದೆ. ಸ್ವಲ್ಪ ತಾಳು, ಬಾಗಿಲಿನ ವಿಷಯ ಮುಗಿಯಲಿ ಎಂದರು. ಭಾವ ಮಾತಾಡಿದರೆಂದು ಹೇಳಿದ ಮೇಲೆ ಇಬ್ಬರೂ ಬಂದು ನಿಂತು, ಭಾವ ಮತ್ತೊಮ್ಮೆ ಅನ್ನುವುದನ್ನು ಕೇಳಿದರು. ಹೋಟೆಲಿನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮೊದಲ ಬಾರಿಗೆ ಇಬ್ಬರೂ ಒಂದು ಮಾತನ್ನು ಒಪ್ಪಿದರು, ಹಗ್ಗ ಸಡಿಲವಾಗಿತ್ತು ಎಂದು.

ಅಕ್ಕ ಕೊನೆಯ ಸಲ ಬಿಗಿದು ಗಂಟು ಹಾಕುವಷ್ಟರಲ್ಲಿ ಲೈನ್‌ಮನ್ ಬಂದು ಗಳದಿಂದ ತಂತಿ ಎತ್ತಿ ಹಿಡಿದ. ವಿಮಾನ ಹಾಸನದ ಕಡೆಗೆ ಹೊರಟಿತು. ಕಣ್ಣಿಗೆ ಕಾಣುವವರೆಗೂ ಆ ಹಿಂದಿನ ಹಗ್ಗ ಅಲುಗಲಿಲ್ಲ.

ಸಂಜೆ ಮನೆಗೆ ಬಂದೆವು. ಮೊದಲ ಸಾಲನ್ನು ಯಜಮಾನರು ತುಳಿದಿದ್ದರು, ಎರಡನೆಯದನ್ನು ಕಾಗೆ ತಿಂದಿತ್ತು. ಪಂಚೆ ಮಾತ್ರ ಹಾಗೇ ಇತ್ತು. ದೇವರಿಗೆ ದೀಪ ಹಚ್ಚಿ ಅಡುಗೆಮನೆಗೆ ಹೋದೆ. ಗಟ್ಟಿಯಾಗಿದ್ದ ಹಿಟ್ಟಿಗೆ ಅಕ್ಕಿಹಿಟ್ಟು, ಈರುಳ್ಳಿ ಬೆರೆಸಿ ರೊಟ್ಟಿ ತಟ್ಟಿದರಾಯಿತು ಎಂದುಕೊಂಡೆ.

ನಡುಮನೆಯಲ್ಲಿ ಕುಳಿತಿದ್ದ ಭಾವ, "ಬಿಗಿ," ಎಂದರು. ಅಕ್ಕ ನೀರು ಕೊಟ್ಟರು. ಬೇಡವಾಯಿತು. "ಬಿಗಿ." ಹೊದಿಕೆ ತಂದರು. ಅದೂ ಅಲ್ಲ. ಕಿಟಕಿ ಹಾಕಿದರು, ಕಾಫಿ ಬೇಕೇ ಎಂದು ಕೇಳಿದರು. ತಪ್ಪಾದ ಪ್ರತಿ ಸಲವೂ ಅಕ್ಕನ ಮುಖ ಇನ್ನಷ್ಟು ಅರಳುತ್ತಿತ್ತು. ಕೊನೆಗೆ ಭಾವನ ಕಣ್ಣು ಹೋದ ಕಡೆ ನಾನು ನೋಡಿದೆ. ಹಿತ್ತಿಲಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ವಿಮಾನದ ಇಂಜಿನ್ನು ರಿಪೇರಿ ಮಾಡುತ್ತಿದ್ದ ನಮ್ಮ ಯಜಮಾನರಿಗೆ ಯುಗಾದಿಯಿಂದ ಹೇಳುತ್ತಿದ್ದ ನಲ್ಲಿ.

ತಿರುಗಿಸಲು ಎದ್ದೆ. ಅಕ್ಕ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು.

"ಬುಡಮ್ಮಾ. ಇನ್ನೊಂದೆಲ್ಡು ಸಲ ಅನ್ಲಿ."

ನಲ್ಲಿಯ ಕೆಳಗೆ ಬಕೀಟು ಇಟ್ಟು ಬಂದು ಈರುಳ್ಳಿ ಹೆಚ್ಚಲು ಕುಳಿತೆ.